ಹನ್ನೊಂದು ಬ್ಲಾಕಿನ ಬೆಂಚಿನಲ್ಲಿ ನಾಲ್ಕನೇ ಸೀಟು

ಕಾಂದಿವಲಿಯ ಹಿರಿಯಣ್ಣನವರು ಇಪ್ಪತ್ತೇಳು ವರ್ಷಗಳಲ್ಲಿ ಒಂದು ದಿನವೂ ಲೋಕಲ್ ರೈಲಿನಲ್ಲಿ ಪೂರ್ತಿ ಕೂತವರಲ್ಲ. ಅರ್ಧ ಕೂತಿದ್ದಾರೆ.

ತಪ್ಪು ಅವರದಲ್ಲ, ಭೂಗೋಳದ್ದು. ಬೆಳಗಿನ ಗಾಡಿ ಹೊರಡುವುದು ಬೊರಿವಲಿಯಿಂದ. ಕಾಂದಿವಲಿ ಅದರ ಮುಂದಿನ ಸ್ಟೇಷನ್. ಅಷ್ಟರಲ್ಲಿ ಬೊರಿವಲಿಯವರು ಕಿಟಕಿ ಹಿಡಿದು, ಪೇಪರು ಬಿಡಿಸಿ, ಕೆಲವರು ಗೊರಕೆಯನ್ನೂ ಶುರು ಮಾಡಿರುತ್ತಾರೆ. ಮೂರು ಜನರ ಬೆಂಚಿನಲ್ಲಿ ಮೂರು ಜನ. ಕಾಂದಿವಲಿಯವರಿಗೆ ಉಳಿಯುವುದು ನಾಲ್ಕನೇ ಸೀಟು.

ನಾಲ್ಕನೇ ಸೀಟು ರೈಲಿನ ಯಾವ ನಕ್ಷೆಯಲ್ಲೂ ಇಲ್ಲ. ಬೆಂಚಿನ ತುದಿಗೆ ಹೋಗಿ ನಿಲ್ಲಬೇಕು. ಯಾರ ಮುಖವನ್ನೂ ನೋಡಬಾರದು. ನೊಣ ಓಡಿಸುವ ಹಾಗೆ ಅಂಗೈಯನ್ನು ಎರಡು ಸಲ ಅಲ್ಲಾಡಿಸಬೇಕು. ಮೂವರೂ ತುಟಿ ಬಿಚ್ಚದೆ ಸರಿಯುತ್ತಾರೆ. ಎಡತೊಡೆಗೆ ಸೀಟು, ಬಲತೊಡೆಗೆ ಗಾಳಿ. ಹೀಗೆ ಚರ್ಚ್‌ಗೇಟ್‌ವರೆಗೆ.

"ನಿಮ್ಮ ಪ್ಯಾಂಟು ನೋಡ್ರೀ, ಎಡಗಡೆ ಮಾತ್ರ ಸವೆದಿದೆ," ಎಂದು ಹೆಂಡತಿ ರಮಾಮಣಿ ಹೇಳುವುದು ಅತಿಶಯೋಕ್ತಿಯಲ್ಲ. ಹಿರಿಯಣ್ಣನವರೇ ಎರಡೂ ಕಡೆಯ ಬಟ್ಟೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ ಒಪ್ಪಿಕೊಂಡಿದ್ದಾರೆ.

ಪರೀಕ್ಷಿಸುವುದು ಅವರ ಕಸುಬು. ಮಂಡ್ಯದಲ್ಲಿ ಬಿ.ಎಸ್‌ಸಿ. ಮುಗಿಸಿ ಬಂದವರು, ಚರ್ಚ್‌ಗೇಟ್ ಹತ್ತಿರದ ಒಂದು ಖಾಸಗಿ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡುತ್ತಾ ಸೀನಿಯರ್ ಅನಲಿಸ್ಟ್ ಆದರು. ಊರಿನ ಅರ್ಧ ಬಿಲ್ಡಿಂಗುಗಳ ಟ್ಯಾಂಕಿನಲ್ಲಿ ಏನಿದೆಯೆಂದು ಬಲ್ಲವರಾದ್ದರಿಂದ ಯಾರ ಮನೆಯಲ್ಲೂ ನೀರು ಕುಡಿಯುವುದಿಲ್ಲ. ಮನೆಯಲ್ಲಿ ಉಪ್ಪಿಟ್ಟಿಗೆ ಹಾಕುವ ನೀರನ್ನೂ ಗೆರೆಯುಳ್ಳ ಲೋಟದಲ್ಲೇ ಅಳೆಯುತ್ತಾರೆ. ರಮಾಮಣಿ ಕಣ್ಣಳತೆಯಲ್ಲಿ ಮಾಡುವ ಉಪ್ಪಿಟ್ಟೇ ಹೆಚ್ಚು ಚೆನ್ನಾಗಿರುವುದೇಕೆ ಎಂಬುದು ಅವರಿಗೆ ಇನ್ನೂ ಬಗೆಹರಿಯದ ವೈಜ್ಞಾನಿಕ ಸಮಸ್ಯೆ.

ಇಂಥವರಿಗೆ ಐವತ್ತನಾಲ್ಕನೇ ವಯಸ್ಸಿನಲ್ಲಿ ಆಟದ ಹುಚ್ಚು ಹಿಡಿಸಿದ್ದು ಮಗಳು ಧಾತ್ರಿ. ಅವಳು ಡಿಸೈನ್ ಓದುತ್ತಿದ್ದಾಳೆ. ಹೊಸ ಟ್ಯಾಬ್ಲೆಟ್ ಬಂದಾಗ ಹಳೆಯದನ್ನು ಅಪ್ಪನಿಗೆ ಕೊಟ್ಟಳು. ಅದರೊಳಗೆ 'ಬ್ಲಾಕೋರಾ' ಎಂಬ ಆಟ ಉಳಿದುಕೊಂಡಿತ್ತು. ಪುಟ್ಟ ಪುಟ್ಟ ಬ್ಲಾಕುಗಳನ್ನು ಜೋಡಿಸಿ ಏನು ಬೇಕಾದರೂ ಕಟ್ಟಬಹುದು. ಕಟ್ಟಿದ್ದಕ್ಕೆ 'ಲೆವೆಲ್' ಎಂದು ಹೆಸರು. ಅದನ್ನು ಹಂಚಿಕೊಂಡರೆ ಲೋಕದ ಯಾವ ಮೂಲೆಯವರಾದರೂ ಒಳಗೆ ಬಂದು ಆಡಿ ಗೆಲ್ಲಬಹುದು. ಲೆವೆಲ್ ಒಳಗಿನ ಕುರ್ಚಿ, ಗಿಡ, ಚಿತ್ರಗಳನ್ನೂ ಬಿಡಿಬಿಡಿಯಾಗಿ ಹಂಚಬಹುದು.

ಲೋಕದವರು ಕೋಟೆ ಕಟ್ಟಿದರು, ದೆವ್ವದ ಮನೆ ಕಟ್ಟಿದರು, ಮೋಡದ ಮೇಲೆ ತೇಲುವ ತೋಟ ಕಟ್ಟಿದರು. ಹಿರಿಯಣ್ಣನವರು ತಮ್ಮ ಬೆಳಗಿನ ಎಂಟೂ ಹದಿನಾಲ್ಕರ ಲೋಕಲ್ಲಿನ ಸೆಕೆಂಡ್ ಕ್ಲಾಸ್ ಡಬ್ಬಿ ಕಟ್ಟಿದರು.

ಐದು ತಿಂಗಳು ಹಿಡಿಯಿತು. ಹತ್ತು ಸೆಂಟಿಮೀಟರಿಗೆ ಒಂದು ಬ್ಲಾಕು. ಅಳತೆ ಪಟ್ಟಿ ಹಿಡಿದು ಗಾಡಿಯಲ್ಲಿ ಬೆಂಚು ಅಳೆಯುವಾಗ, ಬಾಗಿಲಲ್ಲಿ ನೇತಾಡುತ್ತಿದ್ದವನೊಬ್ಬ "ಅಂಕಲ್, ಸೋಫಾ ಬನವಾನಾ ಹೈ ಕ್ಯಾ?" ಎಂದ. ಹಿರಿಯಣ್ಣನವರು ಉತ್ತರಿಸದೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ಬೆಂಚು, ಹನ್ನೊಂದು ಬ್ಲಾಕು. ಗೋಡೆಯ ಜಾಹೀರಾತು ಚಿತ್ರಗಳನ್ನು ಧಾತ್ರಿ ಬಿಡಿಸಿಕೊಟ್ಟಳು. ಮೂಲವ್ಯಾಧಿಗೆ ಒಂದೇ ದಿನದಲ್ಲಿ ಪರಿಹಾರ, ಮನೆಯಲ್ಲೇ ಕೂತು ಸಂಪಾದನೆ, ವಶೀಕರಣ, ಎಲ್ಲವೂ ಅಂಚು ಹರಿದೇ ಇದ್ದವು. ಮೇಲಿನ ಫ್ಯಾನು, ನಿಜದ ಗಾಡಿಯಲ್ಲಿರುವ ಹಾಗೆಯೇ, ಸ್ವಿಚ್ ಹಾಕಿದರೆ ತಿರುಗುವುದಿಲ್ಲ. ಜೇಬಿನಿಂದ ಬಾಚಣಿಗೆ ತೆಗೆದು ರೆಕ್ಕೆಗೆ ತಿವಿಯಬೇಕು. ಆಗ ತಿರುಗುತ್ತದೆ.

ಆಟದ ಗುರಿ ಸರಳ: ಕಾಂದಿವಲಿಯಲ್ಲಿ ಹತ್ತಿ, ಕೂತುಕೊಂಡು ಚರ್ಚ್‌ಗೇಟ್ ತಲುಪಬೇಕು. ನಿಂತೇ ಇದ್ದವರನ್ನು ಗುಂಪು ದಾದರ್‌ನಲ್ಲಿ ಹೊರಗೆ ತಳ್ಳಿಬಿಡುತ್ತದೆ. ಬ್ಲಾಕೋರಾದಲ್ಲಿ ಆಡುವವರ ಬೊಂಬೆಗೆ ಕುಣಿಯಲು ಒಂದು ಗುಂಡಿ, ಬಗ್ಗಲು ಒಂದು, ಕೈ ಬೀಸಲು ಒಂದು. ಬೆಂಚಿನ ತುದಿಯಲ್ಲಿ ನಿಂತು ಕೈ ಬೀಸಿದರೆ ಮೂವರು ಕುಗ್ಗಿ ಎರಡು ಬ್ಲಾಕು ಜಾಗ ಕೊಡುತ್ತಾರೆ. ಅಷ್ಟೇ.

ಲೆವೆಲ್ಲನ್ನು ಹಂಚಿದ ದಿನ ಹಿರಿಯಣ್ಣನವರು ಲ್ಯಾಬಿನಲ್ಲಿ ಎಲ್ಲರಿಗೂ ಪೇಡಾ ಕೊಟ್ಟರು. ಮಗಳ ಮದುವೆ ನಿಶ್ಚಯವೇ ಎಂದು ಕೇಳಿದವರಿಗೆ "ಇಲ್ಲ, ಡಬ್ಬಿ" ಎಂದರು. ಯಾರಿಗೂ ಅರ್ಥವಾಗಲಿಲ್ಲ, ಪೇಡಾ ಮಾತ್ರ ಖಾಲಿಯಾಯಿತು.

ಆಮೇಲೆ ತೊಂದರೆ ಶುರುವಾಯಿತು. ಆಟದ ಕಂಪನಿಯ ನಿಯಮ ಹೀಗಿತ್ತು: ಮೂವತ್ತು ದಿನಗಳೊಳಗೆ, ಕಟ್ಟಿದವರನ್ನು ಬಿಟ್ಟು ಬೇರೆ ಒಬ್ಬರಾದರೂ ಗೆಲ್ಲಬೇಕು. ಇಲ್ಲದಿದ್ದರೆ ಅದು 'ಆಡಲಾಗದ ಲೆವೆಲ್'. ಬುಡಸಮೇತ ಅಳಿಸಿಹಾಕುತ್ತಾರೆ, ಮತ್ತೆ ಏರಿಸುವಂತಿಲ್ಲ. ಚಿತ್ರ ಬಿಡಿಸಿದ ಧಾತ್ರಿಯೂ ಕಟ್ಟಿದವರ ಲೆಕ್ಕಕ್ಕೇ ಸೇರಿದ್ದಳು, ಅವಳು ಗೆದ್ದರೆ ಎಣಿಕೆಗೆ ಬರದು.

ಇಪ್ಪತ್ತನೇ ದಿನಕ್ಕೆ ನಾಲ್ಕುನೂರ ಹನ್ನೆರಡು ಜನ ಪ್ರಯತ್ನಿಸಿದ್ದರು. ಗೆದ್ದವರು ಸೊನ್ನೆ. ಬ್ರೆಜಿಲಿನವನೊಬ್ಬ ಸುತ್ತಿಗೆಯಿಂದ ಕಿಟಕಿ ಒಡೆದ. ಜಪಾನಿನವಳೊಬ್ಬಳು ಸಾಮಾನಿನ ಹಲಗೆಯ ಮೇಲೆ ಮಲಗಿ ಹೋಗಲು ನೋಡಿದಳು. ಅಮೆರಿಕದ ಒಬ್ಬ ಎರಡು ಪುಟ ಬರೆದು, ಇಂಥ ಗಾಡಿಯಲ್ಲಿ ಓಡಾಡುವುದಕ್ಕಿಂತ ಕಾರು ಕೊಳ್ಳಬಾರದೇ ಎಂದು ಸಲಹೆ ಕೊಟ್ಟ. ಫಿನ್ಲೆಂಡಿನ ಒಬ್ಬ ಬರೆದದ್ದು ಇಷ್ಟು: "ಮೂರು ಜನರ ಬೆಂಚಿನಲ್ಲಿ ಮೂರು ಜನ ಕೂತಿದ್ದಾರೆ. ಬೆಂಚು ತುಂಬಿದೆ. ಆದ್ದರಿಂದ ನಿಂತುಕೊಂಡೆ. ದಾದರ್ ಚೆನ್ನಾಗಿದೆ."

ಫ್ಯಾನಿನ ಹಣೆಬರಹ ಮಾತ್ರ ಬೇರೆ. ಬಿಡಿಯಾಗಿ ಹಂಚಿದ್ದ ಅದನ್ನು ಒಂಬತ್ತು ಸಾವಿರ ಜನ ಇಳಿಸಿಕೊಂಡಿದ್ದರು. ಯಾವನೋ ಒಬ್ಬ 'ಪುರಾತನ ಭಾರತೀಯ ಪಂಖ, ಕರ್ತೃ ನಾನು' ಎಂದು ಹಾಕಿಕೊಂಡು, ರಕ್ತಪಿಶಾಚಿಯ ಅರಮನೆಯ ಊಟದ ಮನೆಯಲ್ಲಿ ಹನ್ನೆರಡನ್ನು ತೂಗುಹಾಕಿದ್ದ. ಧಾತ್ರಿ ಕೆಂಡಾಮಂಡಲವಾದಳು. ಹಿರಿಯಣ್ಣನವರು ಅರಮನೆಗೆ ಹೋಗಿ ನೋಡಿಕೊಂಡು ಸಮಾಧಾನವಾಗಿ ಹಿಂದಿರುಗಿದರು. ಕಳ್ಳನಿಗೆ ಬಾಚಣಿಗೆಯ ವಿಷಯ ಗೊತ್ತಿರಲಿಲ್ಲ. ಹನ್ನೆರಡರಲ್ಲಿ ಒಂದೂ ತಿರುಗುತ್ತಿರಲಿಲ್ಲ.

"ಅಪ್ಪಾ, ಒಂದು ಹಿಂಟ್ ಹಾಕಿ ನಾ! ಪ್ಲೀಸ್. 'ಕೈ ಬೀಸಿ' ಅಂತ, ಬಸ್, ಒಂದೇ ಲೈನ್," ಎಂದಳು ಧಾತ್ರಿ.

"ಲೋಕಲ್‌ನಲ್ಲಿ ಎಲ್ಲಾದರೂ ಬೋರ್ಡ್ ಇದೆಯೇನೇ, ನಾಲ್ಕನೇ ಸೀಟು ಇಲ್ಲಿ ಸಿಗತ್ತೆ ಅಂತ?"

"ಇಲ್ಲ. ಬಟ್ ಲೋಕಲ್‌ನ ಯಾರೂ ಥರ್ಟಿ ಡೇಸ್‌ಗೆ ಡಿಲೀಟ್ ಮಾಡಲ್ಲ."

"ಇಲ್ಲದ್ದನ್ನ ನಾನು ಬರೆಯೋದಿಲ್ಲ. ರಿಪೋರ್ಟ್ ಅಂದರೆ ರಿಪೋರ್ಟು."

ಆದರೂ ಹೆದರಿಕೆ ಹತ್ತಿತ್ತು. ಹಿಂಟ್ ಬೇಡ, ಬಲ್ಲವರ ಕೈಗೆ ಕೊಟ್ಟರಾಯಿತು ಎಂದು ಅವರು ಶಶಿಕಾಂತರನ್ನು ಆರಿಸಿದರು. ಶಶಿಕಾಂತರು ಹುಬ್ಬಳ್ಳಿ ಕಡೆಯವರು, ವಾಸ ಬೊರಿವಲಿ. ಇಪ್ಪತ್ತೆರಡು ವರ್ಷಗಳಿಂದ ಅದೇ ಗಾಡಿ, ಅದೇ ಡಬ್ಬಿ, ಅದೇ ಕಿಟಕಿ. ಹಿರಿಯಣ್ಣನವರು ಅರ್ಧ ಕೂರುವುದು ಅವರ ಬೆಂಚಿನಲ್ಲೇ. ಮಲಾಡ್ ದಾಟುವಾಗ ಅವರ ಹೆಸರಿನಲ್ಲಿ ಆಟ ತೆರೆದು ಫೋನನ್ನು ಕೈಗಿತ್ತರು.

ಶಶಿಕಾಂತರ ಬೊಂಬೆ ಹತ್ತಿದ್ದೇ ನೆಟ್ಟಗೆ ಕಿಟಕಿಗೆ ಹೋಯಿತು. "ಯಾರ್ರೀ ಇಂವಾ, ನನ್ನ ಜಾಗಾದಾಗ ಕುಂತಾನ?"

"ಯಾರೋ ಒಬ್ಬರು ಬೊರಿವಲಿಯವರು."

"ಈ ಚೌಕಡಿ ಅಂಗಿ ನಂದಽ ಅಲ್ಲೇನ್ರೀ? ಚಶ್ಮಾನೂ ನಂದು. ಏ ಮಾರಾಯ್ರ, ಈ ಹೊಟ್ಟಿ ಯಾರ್ದು?"

ಹಿರಿಯಣ್ಣನವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಅಳತೆ ಪ್ರಕಾರ ಹಾಕಿದೀನಿ. ಉಳಿದವರು ಮೂರು ಮೂರು ಬ್ಲಾಕು. ನೀವು ಐದು."

ಪಕ್ಕದವರಿಬ್ಬರು ನಕ್ಕರು. ಶಶಿಕಾಂತರು ನಗಲಿಲ್ಲ. ತಮ್ಮದೇ ಬೊಂಬೆಯನ್ನು ಎಬ್ಬಿಸಲು ಮೂರು ಸಲ ಹೆಣಗಿ, ಮೂರು ಸಲವೂ ದಾದರ್‌ನಲ್ಲಿ ಹೊರಬಿದ್ದರು. ಕೈ ಬೀಸುವುದು ಅವರಿಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಇಪ್ಪತ್ತೆರಡು ವರ್ಷ ಅವರು ಜಾಗ ಕೊಟ್ಟವರು. ಕೇಳಿದವರಲ್ಲ.

"ನಾಲ್ಕ್ ಬ್ಲಾಕ್ ಮಾಡ್ರಿ ನನ್ನ," ಎಂದು ಫೋನು ಹಿಂದಿರುಗಿಸಿದರು.

"ಅಳತೆ ಐದು ಬಂದಿದೆಯಲ್ಲ."

"ಹೌದೇನು? ಹಂಗಾರ ನಾಳಿಂದ ಅಳತಿ ಪ್ರಕಾರನಽ ಹೋಗೂಣು. ಮೂರು ಮಂದಿ ಬೆಂಚು, ಮೂರು ಮಂದಿ."

ಮರುದಿನ ಶಶಿಕಾಂತರು ಹೊಟ್ಟೆಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಪೇಪರು ಇಟ್ಟು ಐದಕ್ಕೆ ಆರು ಬ್ಲಾಕಾಗಿ ಕೂತಿದ್ದರು. ಹಿರಿಯಣ್ಣನವರೇನು ಕಡಿಮೆಯೇ, ಮಂಡ್ಯದವರು. ಬಿಗುಮಾನಕ್ಕೆ ಅಲ್ಲೇನೂ ಬರವಿಲ್ಲ. ಕೈ ಅಲ್ಲಾಡಿಸುವ ಮಾತಿರಲಿ, ಆ ಬೆಂಚಿನ ಕಡೆ ಮುಖವನ್ನೂ ಮಾಡದೆ ಕಂಬ ಹಿಡಿದು ನಿಂತರು. ಹೀಗೆ ಒಂದು ವಾರ. ಇಬ್ಬರು ಗೌರವಸ್ಥರು, ಒಬ್ಬರು ಕೂತು, ಒಬ್ಬರು ನಿಂತು, ಒಂದು ಬ್ಲಾಕಿಗಾಗಿ ಮಾತು ಬಿಟ್ಟರು.

ಹಿರಿಯಣ್ಣನವರ ಎರಡೂ ಮಂಡಿ ಊದಿಕೊಂಡವು. ಎಡವೂ ಬಲವೂ ಸಮಸಮ ಎಂಬುದನ್ನು ಅವರು ಗಮನಿಸಿದರು.

ಕೊನೆಯ ಶನಿವಾರ ರಮಾಮಣಿ ಟ್ಯಾಬ್ಲೆಟ್ಟನ್ನು ಕಿತ್ತುಕೊಂಡರು. "ಇಪ್ಪತ್ತು ವರ್ಷ ಬ್ಯಾಂಕಿಗೆ ನಾನೂ ಲೋಕಲ್‌ನಲ್ಲೇ ಹೋಗಿದೀನಿ. ಕೊಡಿ ಇಲ್ಲಿ." ಅವರ ಬೊಂಬೆ ಬೆಂಚಿನ ಮುಂದೆ ನಿಂತು, ಮಾತು ಟೈಪ್ ಮಾಡುವ ಪಟ್ಟಿಯಲ್ಲಿ ಮೂವರನ್ನೂ ಸರದಿಯಂತೆ ಕೇಳಿತು: "ಕಹಾಂ ಉತರೋಗೆ?"

ಮೂವರೂ ಸುಮ್ಮನಿದ್ದರು.

"ಇದೇನು ಕೇಳ್ತಿದೀಯ?" ಎಂದರು ಹಿರಿಯಣ್ಣನವರು.

"ಎಲ್ಲಿ ಇಳೀತಾರೆ ಅಂತ. ಅಂಧೇರಿಲಿ ಇಳಿಯೋರ ಸೀಟು ಅಂಧೇರಿಯಿಂದ ನನ್ನದು. ಲೇಡೀಸ್ ಡಬ್ಬಿಲಿ ಹತ್ತಿದ ಕೂಡಲೇ ಬುಕ್ ಮಾಡೋದೇ ಹೀಗೆ. ನಾನು ಎಷ್ಟು ಸಲ ವಿಂಡೋನೇ ಹಿಡಿದಿದೀನಿ ಗೊತ್ತಾ?"

"ಪೂರ್ತಿ ಸೀಟಾ?"

"ಮತ್ತೆ? ಬಾಯಿ ಬಿಟ್ಟು ಕೇಳಿದರೆ ಪೂರ್ತಿ, ಮೂಕರ ಹಾಗೆ ಕೈ ಆಡಿಸಿದರೆ ಅರ್ಧ."

ಅರ್ಧಕ್ಕೆ ಕೈ ಆಡಿಸುವವಳು ತಾನಲ್ಲ ಎಂದ ರಮಾಮಣಿಯ ಬೊಂಬೆಯೂ ದಾದರ್‌ನಲ್ಲಿ ಹೊರಬಿತ್ತು. ಹಿರಿಯಣ್ಣನವರು ಇಪ್ಪತ್ತೇಳು ವರ್ಷ ಅಳೆದದ್ದು ಒಂದೇ ಡಬ್ಬಿ. ಗೋಡೆಯಾಚೆಯ ಡಬ್ಬಿಯ ವಿದ್ಯೆ ಮನೆಯಲ್ಲೇ ಇತ್ತು, ಕೇಳಿರಲಿಲ್ಲ.

ಗಡುವು ಸೋಮವಾರ ಬೆಳಗಿನ ಐದೂವರೆಗೆ. ಭಾನುವಾರ ತಿಂಡಿಯ ಹೊತ್ತಿಗೆ ಲೆಕ್ಕ ಹೀಗಿತ್ತು: ಪ್ರಯತ್ನಿಸಿದವರು ಆರುನೂರ ಎಂಟು, ಗೆದ್ದವರು ಸೊನ್ನೆ. ಕಂಪನಿ ಲೆವೆಲ್ಲಿನ ಬಾಗಿಲಿಗೆ 'ನಾಳೆ ತೆಗೆಯಲಾಗುವುದು' ಎಂಬ ಪಟ್ಟಿ ಅಂಟಿಸಿತ್ತು, ಪಾಲಿಕೆಯವರು ಕೆಡವಲಿರುವ ಹಳೇ ಚಾಳ್ ಕಟ್ಟಡಕ್ಕೆ ಅಂಟಿಸುವ ಹಾಗೆ. ಧಾತ್ರಿ ಹಿಂಟ್ ಬರೆಯುವ ಚೌಕ ತೆರೆದು ಅಪ್ಪನ ಮುಂದೆ ಹಿಡಿದಳು. ಹಿರಿಯಣ್ಣನವರು 'ಕೈ' ಎಂದು ಬರೆದರು. ಅಳಿಸಿದರು. ಮತ್ತೆ ಬರೆದರು.

"ಅಪ್ಪಾ, ಯಾರೋ ಒಳಗೆ ಬಂದ್ರು!"

ಫಿನ್ಲೆಂಡಿನವನು. ಆತ ಗಾಡಿ ಹತ್ತಿ, ಹಿಂದಿನ ಸಲದಂತೆಯೇ ಯಾರನ್ನೂ ಮುಟ್ಟದೆ ನಿಂತ. ಬಾಚಣಿಗೆ ತೆಗೆದು ಫ್ಯಾನು ತಿರುಗಿಸಿದ. ಅದನ್ನು ಮಾತ್ರ ಹೇಗೋ ಕಲಿತಿದ್ದ. ಮೂಲವ್ಯಾಧಿಯ ಜಾಹೀರಾತನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬೆಂಚಿನ ತುದಿಗೆ ಬಂದು ಮಾತಿನ ಪಟ್ಟಿಯಲ್ಲಿ ಬರೆದ: "ನಾಳೆ ನೀವು ಇರುವುದಿಲ್ಲವಂತೆ. ಹೋಗಿ ಬರುತ್ತೇನೆ."

ಮತ್ತು ಕೈ ಬೀಸಿದ.

ಮೂವರೂ ಸರಿದರು.

ಆತ ಕದಲಲಿಲ್ಲ. ಗಾಡಿ ಗೋರೆಗಾಂವ್ ದಾಟಿತು, ಜೋಗೇಶ್ವರಿ ದಾಟಿತು. ಹಿರಿಯಣ್ಣನವರು ಟ್ಯಾಬ್ಲೆಟ್ಟಿಗೆ ಬಾಯಿಟ್ಟು "ಕೂತ್ಕೊಳ್ಳಯ್ಯಾ! ಅರೇ ಬೈಠೋ! ಬೈಠೋ ನಾ!" ಎಂದು ಕೂಗಿದರು. ಫಿನ್ಲೆಂಡಿಗೆ ಕೇಳಿಸುವಂತಿರಲಿಲ್ಲ, ಪಕ್ಕದ ಫ್ಲ್ಯಾಟಿನವರು ಕಿಟಕಿ ತೆರೆದು ನೋಡಿದರು. ಬಾಂದ್ರಾ ಬರುವ ಹೊತ್ತಿಗೆ ಆತ ಮೆಲ್ಲಗೆ ಬಗ್ಗಿ ತುದಿಯಲ್ಲಿ ಅರ್ಧ ಕೂತ. ದಾದರ್‌ನಲ್ಲಿ ಗುಂಪು ನುಗ್ಗಿತು. ಆತ ಅಲ್ಲಾಡಲಿಲ್ಲ.

ಚರ್ಚ್‌ಗೇಟ್‌ನಲ್ಲಿ ಇಳಿದು ಆತ ಬರೆದ: "ಸರಿದರು. ಯಾಕೆಂದು ಗೊತ್ತಾಗಲಿಲ್ಲ. ಅರ್ಧ ಕೂತೆ. ಚೆನ್ನಾಗಿತ್ತು." ಗೆದ್ದವರು: ಒಂದು.

ಅಂದು ಮಧ್ಯಾಹ್ನದ ಪಾಯಸಕ್ಕೆ ಸಕ್ಕರೆಯನ್ನು ಹಿರಿಯಣ್ಣನವರು ಕಣ್ಣಳತೆಯಲ್ಲಿ ಹಾಕಿದರು. ಹೆಚ್ಚಾಯಿತು.

ಸೋಮವಾರ ಎಂಟೂ ಹದಿನಾಲ್ಕಕ್ಕೆ ಅವರು ಕಂಬದ ಕಡೆಗೆ ಹೋಗಲಿಲ್ಲ. ಬೆಂಚಿನ ತುದಿಗೆ ಹೋಗಿ ನಿಂತು, ಯಾರ ಮುಖವನ್ನೂ ನೋಡದೆ, ಅಂಗೈಯನ್ನು ಎರಡು ಸಲ ಅಲ್ಲಾಡಿಸಿದರು. ಶಶಿಕಾಂತರ ಪೇಪರು ಕೆಳಗಿಳಿಯಿತು.

"ನಾಲ್ಕ್ ಮಾಡಿದ್ರೇನು ನನ್ನ?"

"ಆಗಲ್ಲ ಶಶಿಕಾಂತ್ ಅವರೇ. ನಿನ್ನೆ ಒಬ್ಬ ಗೆದ್ದ. ಇನ್ನು ಒಂದು ಬ್ಲಾಕು ಮುಟ್ಟಿದರೂ ಗೆದ್ದದ್ದು ರದ್ದು."

"ಯಾರಂವ?"

"ಫಿನ್ಲೆಂಡಿನವನು."

"ಅವಂಗ ಜಾಗಾ ಕೊಟ್ಟೆನೇನ್ ನಾ?"

"ಕೊಟ್ಟಿರಿ. ಎರಡು ಬ್ಲಾಕು."

ಶಶಿಕಾಂತರು ಇದನ್ನು ಸ್ವಲ್ಪ ಹೊತ್ತು ಚಪ್ಪರಿಸಿದರು. "ಅಂದ್ರ ಫಾರಿನ್ದಾಗ ಭಾಳ ಛಲೋ ಮನಶ್ಯಾ ಅನಿಸ್ಕೊಂಡೀನಿ. ಹೊಟ್ಟಿ ಇದ್ರೇನಾತು," ಎಂದು ಬ್ಯಾಗನ್ನು ಮೇಲಿನ ಹಲಗೆಗೆ ಎತ್ತಿಟ್ಟು ಕಿಟಕಿಗೆ ಒತ್ತಿ ಕೂತರು. ಪಕ್ಕದವರಿಬ್ಬರೂ ಸರಿದರು.

ಹಿರಿಯಣ್ಣನವರು ಎಡತೊಡೆಯನ್ನು ಊರಿದರು. ಮಂಡಿ ಹಗುರವಾಯಿತು. ಮಲಾಡ್ ಬರುವಷ್ಟರಲ್ಲಿ ತಡೆಯಲಾರದೆ ಜೇಬಿನಿಂದ ಅಳತೆ ಪಟ್ಟಿ ತೆಗೆದು, ಯಾರಿಗೂ ಕಾಣದಂತೆ ತಮ್ಮ ಪಾಲಿನ ಜಾಗ ಅಳೆದರು. ನೋಟ್‌ಬುಕ್ಕಿನಲ್ಲಿ ಬರೆದರು:

"ನಾಲ್ಕನೇ ಸೀಟು, ನಿಜ ಅಳತೆ ಒಂದೂವರೆ ಬ್ಲಾಕು. ಲೆವೆಲ್‌ನಲ್ಲಿ ಎರಡು. ದೋಷ ಅರ್ಧ ಬ್ಲಾಕು, ಶಶಿಕಾಂತರ ಪರವಾಗಿ. ತಿದ್ದುವಂತಿಲ್ಲ."