ಸಂಡೂರಿಗೆ ಗಾಜಿನ ಪೆಟ್ಟಿಗೆ ಬ್ಯಾಡ

ಹೋದ ಭಾನುವಾರ ಮಗಳೂ ನಾನೂ ಸೇರಿ ಹಳೇ ಕಂಪ್ಯೂಟರಿನ ಪಕ್ಕದ ಗಾಜು ಬಿಚ್ಚಿದೆವು. ಸ್ಕ್ರೂ ನಾಲ್ಕೂ ಸಲೀಸಾಗಿ ಬಂದವು. ಹಿಂದೆಯೇ ಒಳಗಿನಿಂದ ಆ ವಾಸನೆ ಬಂತು. ನಮ್ಮ ಸಂಡೂರಿನ ಅದಿರು ಧೂಳಿಗೆ ತನ್ನದೇ ಒಂದು ವಾಸನೆ ಇದೆ. ಕಾದ ಹಂಚಿನ ಮೇಲೆ ನೀರು ಚಿಮುಕಿಸಿದರೆ ಬರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಮೂಗಿಗೆ ಬಡಿದ ಕೂಡಲೇ ಹೊಸಪೇಟೆಯ ಕಂಪ್ಯೂಟರ್ ಅಂಗಡಿಯ ಅಣ್ಣ ನೆನಪಾದರು...

ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಝೆರಾಕ್ಸ್ ಅಂಗಡಿಯ ಮಗ್ಗುಲಿಗೆ ಅವರ ಅಂಗಡಿ ಇತ್ತು. ಒಳಗೆ ಇಬ್ಬರು ಕೂತರೆ ಮೂರನೆಯವರು ಮೆಟ್ಟಿಲ ಮೇಲೆಯೇ ಕೂರಬೇಕು. ನಮ್ಮನೆಯವರು ಮದುವೆಗಳ ವಿಡಿಯೋ ತೆಗೆಯುತ್ತಾರೆ. ಮನೆಯಲ್ಲಿ ಕೂತು ಕತ್ತರಿಸಿ ಜೋಡಿಸುವ ಎಡಿಟಿಂಗ್ ಕೆಲಸ ನನ್ನದು. ಆರೇಳು ವರ್ಷದ ಹಿಂದೆ ಹೊಸ ಕ್ಯಾಮೆರಾ ಬಂದಾಗ ಅದರ ಫೈಲುಗಳನ್ನು ಎಳೆಯಲಾರದೆ ನನ್ನ ಮಷೀನು ಒದ್ದಾಡತೊಡಗಿತು. ಒಂಬತ್ತನೇ ಕ್ಲಾಸಿನಲ್ಲಿದ್ದ ಮಗಳನ್ನು ಕರೆದುಕೊಂಡು ಅವರಲ್ಲಿಗೆ ಹೋದೆ. ಅವಳದ್ದೂ ಒಂದು ಅರ್ಜಿ ಇತ್ತು: ಅದೇ ಮಷೀನಿನಲ್ಲಿ ಅವಳ ಗೇಮೂ ಓಡಬೇಕು.

ಬೇರೆಯವರಾಗಿದ್ದರೆ ಡಬ್ಬಿಗಳನ್ನು ಮುಂದೆ ಸುರಿಯುತ್ತಿದ್ದರು. ಇವರು ಕೇಳಿದ ಮೊದಲ ಪ್ರಶ್ನೆಯೇ ಬೇರೆ.

"ಮಷೀನ್ ಇಡೋ ಕ್ವಾಣಿ ಕಿಟಕಿ ಯಾವ ಕಡಿಗೈತ್ರಿ?"

"ರೋಡಿನ ಕಡಿಗೆ, ಅಣ್ಣಾರ."

"ಅದಿರು ಲಾರಿ ಓಡಾಡೋ ರೋಡಾ? ಹಂಗಾದ್ರ ನೋಡದ ಏನೂ ಹೇಳಾಂಗಿಲ್ಲ ಬಿಡ್ರಿ."

ಅದು ಅವರ ಪದ್ಧತಿ. ಮನೆ ನೋಡದೆ ಪಾರ್ಟು ಹೇಳುತ್ತಿರಲಿಲ್ಲ. ಕಂಪ್ಲಿ ಕಡೆಯ ಗದ್ದೆ ಮಗ್ಗುಲಿನ ಮನೆಯಾದರೆ ಇಲಿ ವೈರು ಕಡಿಯುತ್ತದೆ, ನೆಲದ ಮೇಲೆ ಇಡಬೇಡಿ ಅನ್ನುವರು. ಹಂಪಿಯ ಗೆಸ್ಟ್‌ಹೌಸಿನವರು ಬಂದರೆ ಮೊದಲು ಕರೆಂಟಿನ ವಿಚಾರ ಕೇಳುವರು. ನಮ್ಮಲ್ಲಿಗೆ ಮರುವಾರ ಬೆಳಗಿನ ಬಸ್ಸಿಗೇ ಬಂದರು. ಕಿಟಕಿಯ ಕಟ್ಟೆ ಮೇಲೆ ಬೆರಳೆಳೆದು, ಕೆಂಪಾದ ಬೆರಳನ್ನು ಮಗಳ ಮುಂದೆ ಹಿಡಿದರು.

"ಈಗಿನ್ನೂ ಒರೆಸೀನಿ ಅಣ್ಣಾರ," ಅಂದೆ, ನಾಚಿಕೆಯಾಗಿ.

"ನಿಮ್ಮ ತಪ್ಪಲ್ರಿ ಅದು, ಊರಿಂದು," ಅಂದರು.

ನನ್ನ ವಿಡಿಯೋ ಎಷ್ಟು ಹೊತ್ತಿನವು, ಮಗಳ ಆಟ ಯಾವುದು, ಎಲ್ಲ ಕೇಳಿಕೊಂಡು ಹಳೇ ಲಗ್ನಪತ್ರಿಕೆಯ ಹಿಂಬದಿಗೆ ಚೀಟಿ ಬರೆದರು. ಬರೆಯುತ್ತ ಒಂದೊಂದಕ್ಕೂ ಕಾರಣ. "ರ್ಯಾಮ್ ಜಾಸ್ತಿ ಇರ್ಲಿ, ಅದು ಅವ್ವನ ಕೆಲಸಕ್ಕ. ಗ್ರಾಫಿಕ್ಸ್ ಕಾರ್ಡು ನಡುತರದ್ದು, ಅದು ಮಗಳ ಆಟಕ್ಕ. ಅವ್ವಗೂ ಉಪಯೋಗ ಐತಿ. ಪವರ್ ಸಪ್ಲೈ ಮಾತ್ರ ಅಗ್ಗದ್ದು ತಗೋಬ್ಯಾಡ್ರಿ, ಅದು ಹೋದ್ರ ಎಲ್ಲಾನೂ ಕರಕೊಂಡು ಹೋಗ್ತೈತಿ." ಕೊನೆಗೆ ಇವೆಲ್ಲ ಕೂರುವ ಪೆಟ್ಟಿಗೆ, ಕ್ಯಾಬಿನೆಟ್ಟು: ಮುಂದೆ ಜಾಲರಿಯಿದ್ದ ಸಾದಾ ತಗಡಿನದು. ಮಗಳು ಫೋನಿನಲ್ಲಿ ತನಗೆ ಬೇಕಾದದ್ದನ್ನು ತೋರಿಸಿದಳು. ಮೂರು ಕಡೆ ಗಾಜು, ಒಳಗೆ ಬಣ್ಣಬಣ್ಣದ ಲೈಟಿನ ಫ್ಯಾನುಗಳು. ಅವರು ಜೋರಾಗಿ ನಕ್ಕರು. "ಸಂಡೂರಿಗೆ ಗಾಜಿನ ಪೆಟ್ಟಿಗಿ ಬ್ಯಾಡವ್ವ. ಮೂರು ತಿಂಗಳಿಗೆ ಅಕ್ವೇರಿಯಂ ಆಗ್ತೈತಿ, ಕೆಂಪು ನೀರಿಂದು!"

ಸಾಮಾನು ತರಿಸಲು ಹದಿನೈದು ದಿನ ತಡೆಯಿರಿ ಅಂದಿದ್ದರು. ನಾನು ತಡೆಯಲಿಲ್ಲ. ಮದುವೆ ಕೆಲಸಗಳು ರಾಶಿ ಬಿದ್ದಿದ್ದವು, ಮಗಳು ಬೆನ್ನು ಬಿಡಲಿಲ್ಲ. ಒಂದು ಮಧ್ಯಾಹ್ನ ಅವರದೇ ಚೀಟಿ ಮುಂದಿಟ್ಟುಕೊಂಡು ಫೋನಿನಲ್ಲೇ ಆನ್‌ಲೈನ್ ಆರ್ಡರ್ ಮಾಡಿ ಎಲ್ಲ ತರಿಸಿಬಿಟ್ಟೆ. ಕ್ಯಾಬಿನೆಟ್ಟು ಮಾತ್ರ ಮಗಳ ಇಷ್ಟದ್ದು.

ಹದಿನೈದನೇ ದಿನಕ್ಕೆ ಸರಿಯಾಗಿ ಅವರ ಫೋನು. "ಸಾಮಾನು ಬಂದಾವ, ಬರ್ರಿ."

ನಾಲಿಗೆ ಹೇಗೆ ಹೊರಳಿತೋ... "ಬೆಂಗಳೂರಿಂದ ನಮ್ಮ ತಮ್ಮ ಪೂರಾ ಸೆಟ್ ಕಳಿಸಿಬಿಟ್ಟಾನ ಅಣ್ಣಾರ, ನನಗೂ ಗೊತ್ತಿರಲಿಲ್ಲ," ಅಂದೆ. ನನಗಿರುವ ಒಬ್ಬನೇ ತಮ್ಮ ಮರಿಯಮ್ಮನಹಳ್ಳಿಯಲ್ಲಿ ಲಾರಿ ಓಡಿಸುತ್ತಾನೆ. ರ್ಯಾಮ್ ಅಂದರೆ ಯಾರು ಅಂತ ಕೇಳುವವನು.

"ಆತು ಬಿಡ್ರಿ. ತಮ್ಮ ಕೊಟ್ಟಿದ್ದು ಚಲೋನ," ಅಂದು ಫೋನಿಟ್ಟರು.

ಬೇಸಿಗೆ ಬಂತು. ಮೆಟ್ರಿಯವರ ಮದುವೆ ವಿಡಿಯೋ ಮುಗಿಸಿ ಕೊಡಬೇಕು, ಹುಡುಗಿ ಗಂಡನ ಮನೆಗೆ ಹೊರಟಿದ್ದಾಳೆ. ಜೋಡಿಸಿದ ತುಂಡುಗಳನ್ನೆಲ್ಲ ಒಂದೇ ವಿಡಿಯೋ ಮಾಡುವ ಕೆಲಸಕ್ಕೆ ರೆಂಡರ್ ಅನ್ನುತ್ತೇವೆ; ಮಷೀನು ಅದನ್ನು ಮುಕ್ಕಾಲು ಭಾಗ ಮಾಡುವುದು, ಕಾದು ಕೆಂಡವಾಗಿ ಆರಿಹೋಗುವುದು. ನಾಲ್ಕು ಸಲ ಹೀಗೇ ಆಯಿತು. ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿದರೂ ಅವರಿಗೇ ಫೋನ್ ಮಾಡಿದೆ. ಚೀಲದಲ್ಲಿ ಒಂದು ಬ್ರಷ್ಷು, ಒಂದು ಬ್ಲೋವರ್ ಹಾಕಿಕೊಂಡು ಬಂದೇ ಬಿಟ್ಟರು. ಗಾಜು ಬಿಚ್ಚಿ ನೋಡಿದರೆ ಫ್ಯಾನಿನ ರೆಕ್ಕೆಗಳ ಮೇಲೆ ಬೆರಳು ದಪ್ಪ ಕೆಂಪು.

"ಮೀನು ಎಲ್ಲವ್ವಾ?" ಅಂತ ಮಗಳನ್ನು ಕೇಳಿದರು. ಅವಳು ನಕ್ಕಳು. ನನಗೆ ನಗು ಬರಲಿಲ್ಲ, ಚಹಾ ಮಾಡುತ್ತೇನೆಂದು ಒಳಗೆ ಹೋದೆ.

ಹೊರಗೆ ಬರುವಷ್ಟರಲ್ಲಿ ಧೂಳೆಲ್ಲ ಊದಿ, ಮಗಳ ಹಳೇ ದುಪಟ್ಟಾದ ತುಂಡು ಕತ್ತರಿಸಿ ಫ್ಯಾನುಗಳ ಮುಂದೆ ಟೇಪು ಹಚ್ಚುತ್ತಿದ್ದರು. ಟೇಬಲ್ಲನ್ನು ಕಿಟಕಿಯಿಂದ ದೂರ ಸರಿಸಿಯಾಗಿತ್ತು. ಚಹಾ ಕುಡಿಯುತ್ತ ಅಂದರು, "ನಿಮ್ಮ ತಮ್ಮ ಸಾಮಾನು ಭಾಳ ಚಲೋ ಆರಿಸ್ಯಾನ್ರಿ. ಪೆಟ್ಟಿಗಿ ಒಂದರಾಗ ಎಡವ್ಯಾನ."

ಹೇಳಿಬಿಡೋಣ ಅಂತ "ಅಣ್ಣಾರ..." ಅಂದೆ.

"ಚಹಾ ಮಸ್ತ್ ಆಗೈತಿ," ಅಂದರು.

ರೆಂಡರ್ ಪೂರ್ತಿ ಮುಗಿಯುವವರೆಗೂ ಕೂತಿದ್ದು, ನಾನು ಮಾಡಿಕೊಟ್ಟ ಒಗ್ಗರಣೆ ಮಂಡಕ್ಕಿ ತಿಂದು ಹೋದರು. ಆಮೇಲೆ ನಾನು ಅವರ ಅಂಗಡಿಗೆ ಕಾಲಿಡಲಿಲ್ಲ. ಹೊಸಪೇಟೆಗೆ ಸಂತೆಗೆ ಹೋಗುತ್ತಿದ್ದೆ, ಆ ಗಲ್ಲಿ ಬಿಟ್ಟು ಸುತ್ತಿಕೊಂಡು ಬರುತ್ತಿದ್ದೆ. ಮುಂದಿನ ಸಲ ನಿಜ ಹೇಳಿದರಾಯಿತು ಅಂದುಕೊಂಡೇ ಎರಡು ವರ್ಷ ಕಳೆಯಿತು. ಕೊನೆಗೆ ಒಂದು ದಿನ ಧೈರ್ಯ ಮಾಡಿ ಹೋದರೆ ಶಟರ್ ಎಳೆದಿತ್ತು. "ಎದಿನೋವು ಅಂದ್ರು, ಅಷ್ಟ, ಹೋಗಿಬಿಟ್ರು. ಎರಡು ತಿಂಗಳಾತವ್ವ," ಅಂದರು ಝೆರಾಕ್ಸಿನವರು.

ಈಗ ಮಗಳು ಕಾಲೇಜು. ಎಡಿಟಿಂಗ್ ನನಗಿಂತ ಚೆನ್ನಾಗಿ ಮಾಡುತ್ತಾಳೆ. ಹೊಸ ಮಷೀನಿಗೆ ಪಾರ್ಟು ಆರಿಸಬೇಕು. ಯಾವ ಕಾರ್ಡು, ಯಾವ ಪ್ರೊಸೆಸರ್ ಅಂತ ಫೋನಿನಲ್ಲಿ ಹತ್ತು ಜನ ಹೇಳುತ್ತಾರೆ. ಕಿಟಕಿ ಯಾವ ಕಡೆಗಿದೆ ಅಂತ ಒಬ್ಬರೂ ಕೇಳುವುದಿಲ್ಲ. ಆ ಭಾನುವಾರ, ಧೂಳು ಒರೆಸುತ್ತ, ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ. ಆ ಸುಳ್ಳು ಎದೆಯಲ್ಲಿ ಹಾಗೇ ಕೂತಿದೆ ಅಂದೆ.

ಅವಳು ಕೈ ನಿಲ್ಲಿಸಿದಳು. "ಅಮ್ಮಾ, ಅವರಿಗೆ ಗೊತ್ತಿತ್ತು. ಫೋನಿನಾಗ ನೀನು ಮಾಮ ಕಳಿಸ್ಯಾನ ಅಂದಿದ್ದು ನನಗ ಕೇಳಿಸಿತ್ತು. ನೀನು ಚಹಾ ಮಾಡಾಕ ಹೋದಾಗ ನಾನ ಹೇಳಿದ್ದೆ."

"ಏನಂದ್ರು?"

"ಗಾಜು ಬಿಚ್ಚಿದ ಕೂಡ್ಲೆ ತಿಳೀತವ್ವ, ಎಲ್ಲಾ ನನ್ನ ಚೀಟಿ ಸಾಮಾನ, ಅಂದ್ರು. ನನಗ ಗೊತ್ತಾಗೈತಿ ಅಂತ ಅವ್ವಗ ಹೇಳಬ್ಯಾಡ, ನಾಚಿಕೊಂಡು ಅಂಗಡಿಗೆ ಬರೋದ ಬಿಟ್ಟಾರು, ಅಂದ್ರು."

ಅವರು ಅಷ್ಟು ಜೋಪಾನ ಮಾಡಿದರೂ ನಾನು ಹೋಗುವುದನ್ನು ಬಿಟ್ಟೇಬಿಟ್ಟಿದ್ದೆ... ಸಂಡೂರಿನ ಬಸ್ಸು ಇಳಿದರೆ ಆ ಗಲ್ಲಿ ಐದು ನಿಮಿಷದ ನಡಿಗೆ, ಅಷ್ಟೆ.