ಕುಮಟಾದ ದಡದಲ್ಲಿ ನೀರು ಏರಿದಾಗ

ಯಾಣದ ಬೆಟ್ಟಕ್ಕೆ ಹೋಗುವ ಮೊದಲು ಸಮುದ್ರ ನೋಡೋಣವೆಂದು ಕುಮಟಾದ ಹತ್ತಿರ ಜೀಪು ನಿಲ್ಲಿಸಿದೆವು. ಬೀಳಗಿಯಿಂದ ಬಂದ ನಮ್ಮಲ್ಲಿ ಯಾರೂ ಹಿಂದೆ ಸಮುದ್ರ ಕಂಡವರಲ್ಲ. ಭಾವ ಧೋತರ ಎತ್ತಿಕಟ್ಟಿ, ಒದ್ದೆ ಮರಳಿನ ಮೇಲೆ ನಡೆದುಹೋಗಿ ದೂರದ ಬಂಡೆ ಹತ್ತಿ ಕುಳಿತರು. ನಾನೂ ಅಕ್ಕನೂ ದಡದಲ್ಲಿ ಬಹಳ ಹೊತ್ತು ಚುರುಮುರಿ ತಿನ್ನುತ್ತ ಕುಳಿತಿದ್ದೆವು. ಅಕ್ಕ ಒಮ್ಮೆಲೇ ಎದ್ದಳು.

“ತಮ್ಮಾ, ನೀರು ಏರಾಕತ್ತೈತಿ.”

“ಸಮುದ್ರದ ತೆರಿ ಅವು ಅಕ್ಕಾ. ಬರ್ತಾವು, ಹೊಕ್ಕಾವು.”

“ನೀರು ಏರೂದು ನನಗ ಗೊತ್ತಾಗೂದಿಲ್ಲೇನು?”

ಅಣೆಕಟ್ಟಿನ ಹಿನ್ನೀರು ಹೊಲ ದಾಟಿ ತನ್ನ ಮನೆಯ ಕಟ್ಟೆಯವರೆಗೆ ಬಂದು, ಮತ್ತೆ ಇಳಿಯದೆ ಅಲ್ಲೇ ನಿಂತದ್ದನ್ನು ಅವಳು ಕಂಡಿದ್ದಳು. ತಿರುಗಿ ನೋಡಿದೆ. ಬಂಡೆಯ ಸುತ್ತ ಮರಳೇ ಇರಲಿಲ್ಲ. ಭಾವ ಎದ್ದು ನಿಂತು ಕೈಬೀಸುತ್ತಿದ್ದರು.

ಮೀನು ಒಣಗಿಸುತ್ತಿದ್ದ ಹೆಂಗಸು ಓಡಿಬಂದಳು. “ಅಮ್ಮಾ, ಸಮುದ್ರಕ್ಕೆ ಭರತಿ ಬರೋ ಹೊತ್ತು, ನೀರು ಇನ್ನೂ ಏರ್ತದೆ!” ಎಂದು ದೋಣಿಯವರನ್ನು ಕೂಗಿದಳು. ಇಬ್ಬರು ದೋಣಿ ನೂಕಿದರು. ಅದು ಅಲೆಯ ಹಿಂದೆ ಮರೆಯಾದಾಗಲೆಲ್ಲ ಅಕ್ಕನ ಉಗುರು ನನ್ನ ತೋಳಿಗೆ ಇಳಿಯುತ್ತಿತ್ತು.

ಭಾವ ತೊಯ್ದು ನಡುಗುತ್ತ ದಡಕ್ಕಿಳಿದರು. ಅಕ್ಕ ಬೈಯಲಿಲ್ಲ. ಆ ಹೆಂಗಸನ್ನು ಕೇಳಿದಳು, “ಎಲ್ಲಿ ತನಕ ಬರ್ತೈತಿ ಇದು?”

“ಆ ತೆಂಗಿನ ಬುಡದ ತನಕ. ಆಮೇಲೆ ವಾಪಸ್ ಹೋಗ್ತದೆ.”

“ಖರೇನ ಹೊಕ್ಕೈತಿ?”

“ದಿನಾ ಹೋಗ್ತದಲ್ಲ.”

ಅಕ್ಕ ಯಾಣ ಬೇಡವೆಂದಳು. ತೆಂಗಿನ ಮರದಾಚೆ ಕುಳಿತು ನೀರನ್ನೇ ನೋಡುತ್ತಿದ್ದಾಳೆ. ನಾನಿದನ್ನು ಬರೆಯುತ್ತಿರುವಾಗ ಅದು ಇನ್ನೂ ಇಳಿದಿಲ್ಲ.