ಆರು ತಿಂಗಳ ತವರು

ಮಾವ ಜೈಲಿಗೆ ಹೋದದ್ದಕ್ಕಿಂತ, ಬಿಡುಗಡೆಯಾದ ಮೇಲೆ ನಮ್ಮ ಮನೆಗೆ ಬರದೆ ಇದ್ದದ್ದೇ ಅಮ್ಮನಿಗೆ ದೊಡ್ಡ ಅವಮಾನವಾಗಿತ್ತು. ಹೀಗೆ ಬರೆದ ಮೇಲೆ ಅನುಮಾನ ಬಂತು. ಅಮ್ಮ ನಿಜವಾಗಿ ಹಾಗಂದಳೇ, ಇಲ್ಲಾ ನನಗೇ ಈ ವಾಕ್ಯ ಚೆನ್ನಾಗಿ ಕಂಡಿತೇ? ಅವಳನ್ನೇ ಕೇಳಿದೆ. "ಅಂದಿರ್ತೀನಿ, ಬರ್ಕೊ" ಎಂದಳು.

ಮಾವ ಅಮ್ಮನಿಗೆ ಇರುವ ಒಬ್ಬನೇ ತಮ್ಮ. ಹೊಲದ ಬದುವಿನ ಜಗಳದಲ್ಲಿ ಅವನ ಕೈಯಿಂದ ಒಬ್ಬರ ಜೀವ ಹೋಗಿತ್ತು. ಆ ಬಗ್ಗೆ ನಮ್ಮಲ್ಲಿ ಯಾರೂ ತಮಾಷೆ ಮಾಡುವುದಿಲ್ಲ. ಅವನು ಒಳಗಿದ್ದಾಗಲೇ ಅಜ್ಜ ಅಜ್ಜಿ ತೀರಿಕೊಂಡರು, ಊರಿನ ಮನೆಯೂ ಹೋಯಿತು. ಹೊರಗೆ ಬಂದವನಿಗೆ ಕೆಜಿಎಫ್‌ನ ಹಳೆಯ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ ಒಂದು ಕೋಣೆ ಸಿಕ್ಕಿತು. ಜೈಲಿನಿಂದ ಬಂದವರಿಗೆಂದೇ ಸರ್ಕಾರ ಆರು ತಿಂಗಳು ಬಾಡಿಗೆ ಕಟ್ಟುವ ಕೋಣೆ. ಷರತ್ತು ಒಂದೇ: ಹೋಗಲು ಬೇರೆ ಮನೆ ಇರಬಾರದು. ಮಾವನಿಗೆ ಆ ಕೋಣೆಯ ಮೇಲೆ ಪ್ರಾಣ, ಯಾಕೆಂದರೆ ಅದರ ಚಿಲಕ ಒಳಗಡೆ ಇತ್ತು. "ನಾನೇ ಆಕ್ಕೊಂತೀನಿ, ನಾನೇ ತೆಗೀತೀನಿ" ಎಂದು ಫೋನಿನಲ್ಲಿ ಹೇಳಿದ್ದ, ಹೊಸ ಗಾಡಿ ಕೊಂಡವನ ದನಿಯಲ್ಲಿ.

ಅಮ್ಮ ಅವನನ್ನು ಎಳೆದು ತರಲೆಂದೇ ಹೊರಟಳು. ಬಂಗಾರಪೇಟೆಯಲ್ಲಿ ಕೆಜಿಎಫ್‌ಗೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದೆವು. ಅವಳ ತೊಡೆಯ ಮೇಲೆ ಅವರೆಬೇಳೆ ಸಾರಿನ ಕ್ಯಾರಿಯರ್, ನನ್ನ ತೊಡೆಯ ಮೇಲೆ ಮುದ್ದೆಯ ಡಬ್ಬಿ. ಒಡಹುಟ್ಟಿದವಳ ಮನೆ ಇರುವಾಗ ಬೇರೆ ಕಡೆ ಇರುವುದು ಎಂಥ ಪಾಪವೆಂದು ದಾರಿಯುದ್ದಕ್ಕೂ ನನಗೆ ವಿವರಿಸಿದಳು. ಕೋಣೆಯ ಹೊಸ್ತಿಲು ದಾಟುವ ಮೊದಲೇ ಮಾವನ ಮೇಲೆ ಬಿದ್ದಳು.

"ಏನ್ಲಾ, ಅಕ್ಕ ಸತ್ತೋದ್ಲು ಅಂದ್ಕಂಡ್ಯಾ? ಎತ್ಕೊ ಚಾಪೆ, ನಡಿ."

"ಮೆಲ್ಲುಕ್ ಮಾತಾಡಕ್ಕ. ಇವತ್ತು ಸಾಯೇಬ್ರು ನೋಡಕ್ ಬತ್ತಾರೆ. ನೆಂಟ್ರವ್ರೆ ಅಂತ ಗೊತ್ತಾದ್ರೆ ರೂಮ್ ಕಿತ್ಕೊಂತಾರೆ."

"ಅಂಗಾರೆ ನಾನ್ಯಾರ್ಲಾ?"

"ಪಕ್ಕದ್ಮನೆಯೋಳು. ಒಂದ್ಗಳಿಗೆ ಅಷ್ಟೆ."

ಅಷ್ಟರಲ್ಲಿ ಅಧಿಕಾರಿ ಬಂದೇಬಿಟ್ಟರು. ಅಮ್ಮ "ಪಕ್ಕದ್ಮನೆಯೋಳು, ಸಾಮಿ" ಎಂದು ಸೆರಗು ಹೊದ್ದು, ಗೋಡೆಗೆ ಒರಗಿ ನಿಂತಳು. ಅವರು ಕುಳಿತುಕೊಳ್ಳುವವರೆಗೂ ಪಾತ್ರ ಚೆನ್ನಾಗಿಯೇ ನಡೆಯಿತು. ಆದರೆ ಊಟದ ಹೊತ್ತಿಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದು ಅವಳ ಕೈಲಾಗದ ಕೆಲಸ. ತಟ್ಟೆ ಇಟ್ಟು ಮುದ್ದೆ ಹಾಕಿ ಸಾರು ಸುರಿದಳು. ಬೇಡವೆನ್ನಲಾಗದೆ ಅವರು ತುತ್ತು ಮುರಿಯುವಷ್ಟರಲ್ಲಿ ಮಾವನ ಕಡೆ ತಿರುಗಿದಳು.

"ನೋಡ್ತಾ ನಿಂತವ್ನೆ ಗೂಬೆ! ನೀರು ಕೊಡಾ ಅವ್ರಿಗೆ. ಅವ್ವ ಇದೇನ್ಲಾ ಕಲ್ಸಿದ್ದು ನಮ್ಗೆ?"

ಅಧಿಕಾರಿಯ ಮುದ್ದೆ ತುತ್ತು ಅರ್ಧದಲ್ಲೇ ನಿಂತಿತು. "ನೀವು ಪಕ್ಕದ ಮನೆಯವರು ಅಂದ್ರಲ್ಲಮ್ಮ?"

"ಅಕ್ಕ, ಸಾರ್" ಎಂದ ಮಾವ, ನೆಲ ನೋಡುತ್ತ.

"ಹಾಗಾದ್ರೆ ಹೋಗೋಕೆ ಮನೆ ಇದೆಯಲ್ಲ."

ಅಮ್ಮ ರೈಲು ಹತ್ತಿ ಬಂದದ್ದು ಈ ಮಾತಿಗಾಗಿಯೇ. ಹೂಂ ಅಂದಿದ್ದರೆ ಮಾವ ಸಂಜೆಯ ಗಾಡಿಯಲ್ಲಿ ನಮ್ಮ ಜೊತೆ ಇರುತ್ತಿದ್ದ. ಅವಳು ತಮ್ಮನನ್ನು ನೋಡಿದಳು. ಅವನು ಬಾಗಿಲ ಬಳಿ ನಿಂತು ಚಿಲಕವನ್ನು ಸುಮ್ಮನೆ ಮುಂದಕ್ಕೂ ಹಿಂದಕ್ಕೂ ಸರಿಸುತ್ತಿದ್ದ.

"ಅದು ನನ್ ಗಂಡನ ಮನೆ, ಸಾಮಿ" ಎಂದಳು ಅಮ್ಮ. "ತಮ್ಮನ ಮನೇಗೆ ಅಕ್ಕ ಬತ್ತಾಳೆ. ಬಾವನ ಮನೇಲಿ ತಮ್ಮ ಓಗಿ ಕೂತ್ರೆ ನಾಕು ಜನ ಉಗಿಯಲ್ವಾ? ನಂಗೆ ತವರು ಅಂತ ಉಳ್ದಿರಾದು ಇದೊಂದೇ."

ರೈಲಿನಲ್ಲಿ ಕೇಳಿದ ವಾದ ಇದರ ತದ್ವಿರುದ್ಧವಾಗಿತ್ತು ಎಂದು ನಾನು ಸಾಕ್ಷಿ ಹೇಳಬಲ್ಲೆ. ನನ್ನನ್ನು ಯಾರೂ ಕೇಳಲಿಲ್ಲ. ಅಧಿಕಾರಿ ಸಾರನ್ನು ಇನ್ನೊಮ್ಮೆ ಹಾಕಿಸಿಕೊಂಡು ಯೋಚಿಸಿದರು. "ಇರ್ಲಿ. ನೆಂಟರು ಬಂದು ಹೋಗಬಹುದು. ಉಳ್ಕೊಳ್ಳೋ ಹಾಗಿಲ್ಲ."

"ಆರು ತಿಂಗ್ಳಾದ್ಮೇಲೆ ನನ್ ತವರು ಏನಾಯ್ತದೆ?"

"ಅದಕ್ಕೆ ಬೇರೆ ಅರ್ಜಿ ಕೊಡಬೇಕಮ್ಮ."

ತವರಿನಿಂದ ಹೆಣ್ಣುಮಗಳು ಬರಿಗೈಯಲ್ಲಿ ಹೊರಡಬಾರದು. ಮಾವ ಮೂಲೆಯಂಗಡಿಗೆ ಓಡಿ ಎಲೆ ಅಡಿಕೆ, ಬಾಳೆಹಣ್ಣು, ಕುಂಕುಮದ ಪೊಟ್ಟಣ ತಂದ. ರವಿಕೆ ಕಣ ಅಲ್ಲಿರಲಿಲ್ಲ. ಕೋಣೆಯ ಜೊತೆ ಸರ್ಕಾರ ಕೊಟ್ಟಿದ್ದ ಹೊಸ ಟವೆಲನ್ನೇ ಮಡಿಸಿ ಮೇಲಿಟ್ಟ. ಅಧಿಕಾರಿ ಸೂರಿನ ಹೆಂಚು ನೋಡಿದರು. ಅಮ್ಮ ಸೆರಗೊಡ್ಡಿ ತೆಗೆದುಕೊಂಡಳು. ಟವೆಲ್ ನೀಲಿ ಎಂದು ನಾನು ಬರೆದಿದ್ದೆ. ಓದಿ ಹೇಳಿದಾಗ ಅಮ್ಮ ಪೆಟ್ಟಿಗೆಯಿಂದ ತೆಗೆದು ತೋರಿಸಿದಳು: ಹಸಿರು.

ನಾವು ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ಇಟ್ಟಿರಬೇಕು, ಒಳಗಿಂದ ಚಿಲಕ ಬಿದ್ದ ಸದ್ದಾಯಿತು.

"ನೋಡ್ದಾ ಇವ್ನ?" ಎಂದಳು ಅಮ್ಮ. "ಅಕ್ಕ ಬೀದಿ ತಿರ್ಗೋಗಂಟ ಬಾಗ್ಲಾಗೆ ನಿಂತ್ಕಬೇಕು ಅಂತ್ಲೂ ಗೊತ್ತಿಲ್ಲ. ಇದೂ ಒಂದು ತವರುಮನೆ!"